ತಿರುಚಿದ ಸರಳಿನಿಂದ ಟಿಎಂಟಿವರೆಗೆ: ಕಂಬಿಯ ಗಟ್ಟಿತನ ಬರುವುದೆಲ್ಲಿಂದ?

ಮನೆ ಕಟ್ಟಿಸಲು ಹೊರಟವರು ಕಬ್ಬಿಣದ ಅಂಗಡಿಯಲ್ಲಿ ಮೊದಲು ಕೇಳುವುದು 500, 500ಡಿ, 550, 550ಡಿ ಎಂಬ ಲೆಕ್ಕ. ನಂಬರ್ ದೊಡ್ಡದಾದಷ್ಟೂ ಕಬ್ಬಿಣ ಒಳ್ಳೆಯದು ಎಂಬ ನಂಬಿಕೆ ಈಗ ಗಟ್ಟಿಯಾಗಿ ಬೇರೂರಿದೆ. ಆದರೆ ಆ ನಂಬರ್ ಹೇಳುವುದು ಒಂದೇ ಸಂಗತಿ: ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಬಲದಲ್ಲಿ ಎಳೆದಾಗ ಕಂಬಿ ತನ್ನ ಮೂಲ ಅಳತೆಗೆ ಮರಳದಂತೆ ಹಿಗ್ಗತೊಡಗುತ್ತದೆ ಎಂಬುದು. ಅಲ್ಲಿಂದ ಮುಂದೆ ಅದು ಇನ್ನಷ್ಟು ಹಿಗ್ಗುತ್ತದೋ, ಪಟಕ್ಕನೆ ತುಂಡಾಗುತ್ತದೋ ಎಂಬುದನ್ನು ನಂಬರ್ ಹೇಳುವುದಿಲ್ಲ.

ಕಾಸಿದ ಉಕ್ಕನ್ನು ನೀರಿಗದ್ದಿದರೆ ಗಡಸಾಗುತ್ತದೆ ಎಂಬುದು ಕಮ್ಮಾರರಿಗೆ ಶತಮಾನಗಳಿಂದ ಗೊತ್ತಿತ್ತು. ಏಕೆ ಎಂಬುದು ತಿಳಿಯತೊಡಗಿದ್ದು 1860ರ ದಶಕದಲ್ಲಿ, ಶೆಫೀಲ್ಡ್‌ನ ಹೆನ್ರಿ ಕ್ಲಿಫ್ಟನ್ ಸೋರ್ಬಿ ಉಕ್ಕನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ ಮೇಲೆ. ಕೆಂಪಗೆ ಕಾದ ಉಕ್ಕಿನಲ್ಲಿ ಇಂಗಾಲ ಕಬ್ಬಿಣದ ಪರಮಾಣುಗಳ ನಡುವೆ ಕರಗಿಕೊಂಡಿರುತ್ತದೆ. ಈ ಸ್ಥಿತಿಯ ಹೆಸರು ಆಸ್ಟೆನೈಟ್. ನಿಧಾನವಾಗಿ ಆರಿದರೆ ಇಂಗಾಲ ಹೊರಬಂದು ಫೆರೈಟ್ ಮತ್ತು ಪದರುಪದರಾದ ಪರ್ಲೈಟ್ ಎಂಬ ಮೆದು ರಚನೆಗಳು ಮೂಡುತ್ತವೆ. ತಟ್ಟನೆ ತಣಿಸಿದರೆ ಇಂಗಾಲಕ್ಕೆ ಹೊರಬರಲು ಸಮಯವೇ ಸಿಗುವುದಿಲ್ಲ. ಅದು ಒಳಗೇ ಸಿಕ್ಕಿಕೊಂಡು ಪರಮಾಣುಗಳ ಜಾಲವನ್ನೆಲ್ಲ ಬಿಗಿಯುತ್ತದೆ. ಇದೇ ಮಾರ್ಟೆನ್‌ಸೈಟ್: ಬಹಳ ಗಡಸು, ಆದರೆ ಅಷ್ಟೇ ಬೇಗ ಮುರಿಯುವಂಥದ್ದು. ಮತ್ತೆ ಹದವಾಗಿ ಕಾಸಿದರೆ ಗಡಸುತನ ಸ್ವಲ್ಪ ಇಳಿದು, ಮುರಿಯದ ಗುಣ ಬರುತ್ತದೆ.

ನಮ್ಮ ಕಟ್ಟಡಗಳಲ್ಲಿ ಮೊದಲು ಇದ್ದದ್ದು ನುಣುಪಾದ ಮೈಲ್ಡ್ ಸ್ಟೀಲ್ ಸರಳು; ಅಂಗಡಿಯ ಅದೇ ಲೆಕ್ಕದಲ್ಲಿ ಬಲ ಸುಮಾರು 250. 1960ರ ದಶಕದಲ್ಲಿ ತಿರುಚಿದ ಸರಳು, ಅಂದರೆ ಟಾರ್ ಸ್ಟೀಲ್ ಬಂತು. ಬೆಂಕಿಯ ಹದವಿಲ್ಲದೆ, ತಣ್ಣಗಿರುವಾಗಲೇ ಹಿಂಡಿ ತಿರುಚಿ ಬಲವನ್ನು 415ಕ್ಕೆ ಏರಿಸಿದರು. ಆದರೆ ಹಿಂಡಿದ ಒತ್ತಡ ಒಳಗೇ ಉಳಿದು ಸರಳು ಬೇಗ ತುಕ್ಕು ಹಿಡಿಯುತ್ತಿತ್ತು. ಒಂದು ಉಪಕಾರ ಮಾತ್ರ ಅದರಲ್ಲಿತ್ತು: ಒಳಗೆ ದೋಷವಿದ್ದ ಸರಳು ಅನೇಕ ವೇಳೆ ತಿರುಚುವಾಗಲೇ ಸೀಳಿ ಸಿಕ್ಕಿಬೀಳುತ್ತಿತ್ತು. ಅದರ ನಂತರ ಬಂದ ಟಿಎಂಟಿ (ಥರ್ಮೋ ಮೆಕ್ಯಾನಿಕಲ್ ಟ್ರೀಟ್‌ಮೆಂಟ್) ವಿಧಾನದಲ್ಲಿ ಆ ಜರಡಿ ಇಲ್ಲ. ಇದನ್ನು ಯಾರೂ ಹೆಚ್ಚು ಚರ್ಚಿಸಲಿಲ್ಲ ಎಂಬುದು ಬೇಸರದ ಸಂಗತಿ.

1970ರ ದಶಕದಲ್ಲಿ ಬೆಲ್ಜಿಯಂನಲ್ಲಿ ರೂಪುಗೊಂಡ ಟೆಂಪ್‌ಕೋರ್ ಮತ್ತು ಅದೇ ಬಗೆಯ ಜರ್ಮನಿಯ ಥರ್ಮೆಕ್ಸ್ ಎಂಬ ಟಿಎಂಟಿ ವಿಧಾನಗಳು 1990ರ ದಶಕದಿಂದ ಇಲ್ಲಿ ಹರಡಿದವು. ರೋಲಿಂಗ್ ಮಿಲ್ಲಿನ ಕೊನೆಯ ಸ್ಟ್ಯಾಂಡ್ (ಕಂಬಿಯನ್ನು ಒತ್ತುವ ಉರುಳೆಗಳ ಜೋಡಿ) ದಾಟಿದ ಕೆಂಪು ಕಂಬಿ ರಭಸದ ನೀರಿನ ಕೊಳವೆಯೊಳಗೆ ನುಗ್ಗುತ್ತದೆ. ಹೊರಮೈ ಕ್ಷಣದಲ್ಲೇ ಮಾರ್ಟೆನ್‌ಸೈಟ್ ಆಗುತ್ತದೆ, ಒಳತಿರುಳು ಇನ್ನೂ ಕಾದೇ ಇರುತ್ತದೆ. ಕೂಲಿಂಗ್ ಬೆಡ್ ಮೇಲೆ ಮಲಗಿದಾಗ ತಿರುಳಿನ ಕಾವು ಹೊರಗೆ ಹರಿದು ಆ ಗಡಸು ಪದರವನ್ನು ತಾನೇ ಹದ ಮಾಡುತ್ತದೆ. ತಿರುಳು ನಿಧಾನವಾಗಿ ಆರಿ ಫೆರೈಟ್-ಪರ್ಲೈಟ್ ಆಗಿ ಮೆದುವಾಗಿಯೇ ಉಳಿಯುತ್ತದೆ. ದುಬಾರಿ ಮಿಶ್ರಧಾತು ಬೇಕಿಲ್ಲ, ಇನ್ನೊಂದು ಕುಲುಮೆಯೂ ಬೇಕಿಲ್ಲ. ನಿಜಕ್ಕೂ ಸೊಗಸಾದ ಯೋಚನೆ.

ಸೊಗಸೆಲ್ಲ ನಿಂತಿರುವುದು ನೀರಿನ ಒತ್ತಡ ಮತ್ತು ಕಂಬಿಯ ವೇಗದ ಮೇಲೆ. ಅಡ್ಡ ಕತ್ತರಿಸಿ ನಯ ಮಾಡಿ, ನೈಟ್ರಿಕ್ ಆಸಿಡ್ ಮತ್ತು ಆಲ್ಕೋಹಾಲಿನ ಮಿಶ್ರಣ ಹಚ್ಚಿದರೆ ಸುತ್ತಲೂ ಸಮನಾದ ಕಪ್ಪು ಉಂಗುರ ಕಾಣಬೇಕು. ನೀರು ಒಂದೇ ಕಡೆ ಬಿದ್ದಿದ್ದರೆ ಅರ್ಧಚಂದ್ರ ಮಾತ್ರ ಕಾಣುತ್ತದೆ. ಮೈಮೇಲೆ ಟಿಎಂಟಿ ಎಂದು ಅಚ್ಚೊತ್ತಿದ ಮಾತ್ರಕ್ಕೆ ಉಂಗುರ ಮೂಡುವುದಿಲ್ಲ. ಸೈಟಿನಲ್ಲಿ ಗ್ಯಾಸ್ ಜ್ವಾಲೆಯಿಂದ ಕಾಸಿ ಬಗ್ಗಿಸಿದರೆ ಇದ್ದ ಹದವೂ ಹೋಗುತ್ತದೆ.

2008ರಲ್ಲಿ ಕಾಂಕ್ರೀಟ್ ಕಂಬಿಗಳ ಭಾರತೀಯ ಮಾನಕವಾದ ಐಎಸ್ 1786 ಪರಿಷ್ಕರಣೆಯಾದಾಗ ‘ಡಿ’ (ಹೆಚ್ಚು ಹಿಗ್ಗುವ) ದರ್ಜೆಗಳು ಸೇರಿದವು. ತುಂಡಾಗುವ ಮುನ್ನ 500ಕ್ಕೆ ಕನಿಷ್ಠ ಶೇ 12ರಷ್ಟು ಹಿಗ್ಗುವಿಕೆ ಸಾಕು, 500ಡಿಗೆ ಶೇ 16 ಬೇಕು. ಗಂಧಕ, ರಂಜಕದ ಮಿತಿಯೂ ಬಿಗಿ. ಬರೀ 550ಕ್ಕೆ ಶೇ 10 ಇದ್ದರೂ ನಡೆಯುತ್ತದೆ. ಭೂಮಿ ನಡುಗಿದಾಗ ಕಂಬ ಮುರಿಯದೆ ಬಾಗಬೇಕಾದರೆ ಬೇಕಾದದ್ದು ಈ ಹಿಗ್ಗುವ ಗುಣ. ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟಿನಲ್ಲಿ ‘ಎಲಾಂಗೇಶನ್’ ಎಂಬ ಕಾಲಮ್ಮಿನಲ್ಲಿ ಅದು ಬರೆದಿರುತ್ತದೆ, ಆ ಹಾಳೆಯನ್ನು ಕೇಳಿ ಪಡೆಯಬಹುದು.