ಹಲ್ಲಿನ ಹುಳುಕಿನಲ್ಲಿ ಜೀನ್‌ಗಳ ಪಾಲೆಷ್ಟು?

ಸಿಹಿ ತಿಂದರೆ ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದಾರೆ. ಅದು ಹಠವಲ್ಲ, ಕಾಯಿಲೆ. ಹಣ್ಣುಗಳಲ್ಲಿರುವ ಫ್ರಕ್ಟೋಸ್ ಅನ್ನು ದೇಹ ಬಳಸಿಕೊಳ್ಳಬೇಕಾದರೆ ಆಲ್ಡೊಲೇಸ್ ಬಿ ಎಂಬ ಕಿಣ್ವ ಬೇಕು. ಇವರಿಗೆ ಆ ಕಿಣ್ವದ ಜೀನ್ ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಕೆಟ್ಟೇ ಬಂದಿರುತ್ತದೆ. ನಾವು ದಿನವೂ ಬಳಸುವ ಸಕ್ಕರೆಯಲ್ಲೂ ಅರ್ಧ ಫ್ರಕ್ಟೋಸೇ. ಹಾಗಾಗಿ ಒಂದೆರಡು ಸಲ ಸಂಕಟಪಟ್ಟ ಮಗು ಆಮೇಲೆ ಸಿಹಿಯ ತಂಟೆಗೇ ಹೋಗುವುದಿಲ್ಲ. 1956ರಲ್ಲಿ ಮೊದಲ ಬಾರಿಗೆ ಗುರುತಿಸಲಾದ ಈ ಅಪರೂಪದ ಕಾಯಿಲೆ ಹಲ್ಲಿನ ವೈದ್ಯರ ಕಣ್ಣಿಗೂ ಬಿತ್ತು. ಏಕೆಂದರೆ ಇವರಲ್ಲಿ ಹುಳುಕು ಹಲ್ಲು ತೀರಾ ಕಡಿಮೆ. ಎಷ್ಟೋ ಮಂದಿಗೆ ಒಂದೂ ಇರುವುದಿಲ್ಲ.

ಹಾಗಾದರೆ ಹಲ್ಲು ಕಾಯುವ ಜೀನ್ ಸಿಕ್ಕಿತೇ? ಒಂದು ಥರ ಹೌದು. ಆದರೆ ತಮಾಷೆ ನೋಡಿ, ಅದು ಹಲ್ಲನ್ನು ಮುಟ್ಟುವುದೇ ಇಲ್ಲ. ಸಿಹಿ ಡಬ್ಬಿಯಿಂದ ಮಗುವನ್ನು ದೂರ ಇಡುತ್ತದೆ, ಅಷ್ಟೇ.

‘ನಮ್ಮ ವಂಶದಲ್ಲೇ ಹಲ್ಲು ಸರಿ ಇಲ್ಲ’ ಎನ್ನುವವರು ಇದನ್ನೊಮ್ಮೆ ಯೋಚಿಸಬೇಕು. ಮಾತು ಪೂರ್ತಿ ಸುಳ್ಳಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಪಿಎಚ್, ಅಂದರೆ ಆಮ್ಲದ ಅಳತೆ (ಇಳಿದಷ್ಟೂ ಆಮ್ಲ ಹೆಚ್ಚು), ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ. ಎನಾಮಲ್ ಎಷ್ಟು ಗಟ್ಟಿ, ದವಡೆ ಹಲ್ಲಿನ ಸಂದುಗಳು ಎಷ್ಟು ಆಳ, ಜೊಲ್ಲು ಎಷ್ಟು ಸುರಿಯುತ್ತದೆ, ನಾಲಿಗೆಗೆ ಸಿಹಿ ಎಷ್ಟು ರುಚಿಸುತ್ತದೆ, ಇವೆಲ್ಲದರಲ್ಲೂ ಜೀನ್‌ಗಳ ಕೈ ಇದೆ. ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ಸತ್ತಿರುತ್ತವೆ. ಕಟ್ಟುವಾಗ ಲೋಪವಾದರೆ ಮತ್ತೆ ಹೊಸದಾಗಿ ಕಟ್ಟಲು ಯಾರೂ ಇಲ್ಲ.

ಎಷ್ಟು ಪಾಲು ಎಂದು ಅಳೆಯಲು ವಿಜ್ಞಾನಿಗಳು ಅವಳಿಗಳ ಮೊರೆ ಹೋಗುತ್ತಾರೆ. ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಉಳಿದ ಅವಳಿಗಳಲ್ಲಿ ಸರಾಸರಿ ಅರ್ಧ ಮಾತ್ರ ಸಮಾನ. ತದ್ರೂಪಿಗಳ ಹುಳುಕು ಜಾಸ್ತಿ ಹೋಲುತ್ತಿದ್ದರೆ ಅದು ಜೀನ್‌ಗಳ ಲೆಕ್ಕಕ್ಕೆ. ಹುಟ್ಟಿದ ಮೇಲೆ ಬೇರೆ ಬೇರೆ ಮನೆಗಳಲ್ಲಿ ಬೆಳೆದ ತದ್ರೂಪಿಗಳನ್ನು ಅಮೆರಿಕದ ಮಿನ್ನೆಸೋಟದಲ್ಲಿ ಪರೀಕ್ಷಿಸಿ 1988ರಲ್ಲಿ ವರದಿ ಮಾಡಿದಾಗ, ಅವರ ಹಲ್ಲುಗಳು ಸಾಕಷ್ಟು ಹೋಲುತ್ತಿದ್ದವು. ಅರ್ಧದಷ್ಟು ಪಾಲು ಜೀನ್‌ಗಳದ್ದು ಎಂದ ಅಧ್ಯಯನಗಳೂ ಇವೆ. ಆದರೆ 2019ರಲ್ಲಿ ಪ್ರಕಟವಾದ ಮೆಲ್ಬರ್ನ್‌ನ ಅಧ್ಯಯನದಲ್ಲಿ, ಆರು ವರ್ಷದ 172 ಅವಳಿ ಜೋಡಿಗಳನ್ನು ನೋಡಿದಾಗ, ಎರಡೂ ಬಗೆಯ ಅವಳಿಗಳಲ್ಲಿ ಹೋಲಿಕೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಅಲ್ಲಿ ಜೀನ್‌ಗಿಂತ ಸುತ್ತಲಿನ ಸಂಗತಿಗಳದ್ದೇ ಮೇಲುಗೈ.

ಯಾರು ಸರಿ? ಇಬ್ಬರೂ ಸರಿ ಇರಬಹುದು. ‘ಅರ್ಧ’ ಎಂದರೆ ನಿಮ್ಮ ಮಗುವಿನ ನಾಲ್ಕು ಹುಳುಕಿನಲ್ಲಿ ಎರಡು ಜೀನ್‌ನಿಂದ ಬಂದವು ಎಂದಲ್ಲ. ಒಂದು ಗುಂಪಿನ ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ಎಷ್ಟನ್ನು ಜೀನ್‌ಗಳಿಂದ ವಿವರಿಸಬಹುದು ಎಂದಷ್ಟೇ. ಎಲ್ಲ ಮಕ್ಕಳೂ ಒಂದೇ ಪ್ರಮಾಣದ ಸಕ್ಕರೆ ತಿಂದರೆ ಉಳಿಯುವ ವ್ಯತ್ಯಾಸ ಬಹುಪಾಲು ಹುಟ್ಟಿನಿಂದ ಬಂದದ್ದೇ. ಆಗ ಜೀನ್‌ಗಳ ಶೇಕಡಾವಾರು ತಾನಾಗಿ ಏರುತ್ತದೆ. ಊಟ ಮನೆಯಿಂದ ಮನೆಗೆ ತುಂಬಾ ಬೇರೆಯಾದರೆ ಇಳಿಯುತ್ತದೆ. ಜೀನ್ ಬದಲಾಗಿಲ್ಲ, ಅಂಕಿ ಬದಲಾಯಿತು. ಪತ್ರಿಕೆಯ ತಲೆಬರಹಗಳಲ್ಲಿ ಬರುವ ಇಂಥ ಶೇಕಡಾ ಲೆಕ್ಕಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಜೀನ್‌ಗಳನ್ನೇ ನೇರವಾಗಿ ಹುಡುಕಿದವರೂ ಇದ್ದಾರೆ. 2018ರಲ್ಲಿ ಸುಮಾರು 19,000 ಮಕ್ಕಳ ಮಾಹಿತಿ ಒಟ್ಟು ಸೇರಿಸಿ ಜಾಲಾಡಿದಾಗ ಹುಳುಕಿನ ನಂಟಿರುವುದಾಗಿ ಗಟ್ಟಿಯಾಗಿ ಸಿಕ್ಕಿದ್ದು ಡಿಎನ್‌ಎಯಲ್ಲಿ ಎರಡೇ ಜಾಗ, ಹಾಲುಹಲ್ಲಿಗೆ ಒಂದು, ಶಾಶ್ವತ ಹಲ್ಲಿಗೆ ಒಂದು. ಅವುಗಳ ಪ್ರಭಾವವೂ ಚಿಕ್ಕದು. ಅದಕ್ಕೂ ಒಂದು ವರ್ಷ ಮೊದಲು 485 ಅವಳಿ ಜೋಡಿಗಳ ಬಾಯಿಯ ಬ್ಯಾಕ್ಟೀರಿಯಾ ಪರೀಕ್ಷಿಸಿದವರಿಗೆ ಸಿಕ್ಕಿದ್ದು ಇನ್ನೂ ಸ್ವಾರಸ್ಯದ ಸಂಗತಿ. ಕೆಲವು ಬ್ಯಾಕ್ಟೀರಿಯಾ ನಮ್ಮ ಜೀನ್‌ಗಳ ಹಿಡಿತದಲ್ಲಿರುವುದು ನಿಜ. ಆದರೆ ಹುಳುಕಿನ ಜೊತೆ ಕಾಣಿಸಿಕೊಳ್ಳುವವು ಅವಲ್ಲ.

ಆಸ್ಟ್ರೇಲಿಯಾದ ಹೋಪ್‌ವುಡ್ ಹೌಸ್ ಎಂಬ ಮಕ್ಕಳ ಆಶ್ರಮದಲ್ಲಿ ಸಕ್ಕರೆ ಬಹಳ ಕಡಿಮೆ ಇತ್ತು. ಮಕ್ಕಳು ಹಲ್ಲುಜ್ಜುವುದರಲ್ಲಿ ಅಂಥ ಶಿಸ್ತಿನವರೇನಲ್ಲ. ಆದರೂ ಹುಳುಕು ಅಪರೂಪವಾಗಿತ್ತು. ದೊಡ್ಡವರಾಗಿ ಹೊರಗೆ ಹೋದ ಮೇಲೆ ಅದೇ ಮಕ್ಕಳಿಗೆ ಎಲ್ಲರಂತೆ ಹುಳುಕು ಬಂತು.

ಹುಳುಕಿನ ಅಪಾಯ ತಿಳಿಯಲು ಮಗುವಿನ ಜೀನ್ ಪರೀಕ್ಷೆಗೆ ದುಡ್ಡು ಹಾಕುವುದು ಸದ್ಯಕ್ಕೆ ದಂಡ. ಎನಾಮಲ್ಲೇ ಸರಿಯಾಗಿ ಬೆಳೆಯದ ಅಪರೂಪದ ಆನುವಂಶಿಕ ಕಾಯಿಲೆಯ ಮಾತು ಬೇರೆ. ಪರೀಕ್ಷೆಯ ಬದಲು ಎರಡೂವರೆ ವರ್ಷದ ಆಸುಪಾಸಿನಲ್ಲಿ ಬರುವ ಹಿಂದಿನ ಹಾಲು ದವಡೆ ಹಲ್ಲನ್ನು ಬೆಳಕಿನಲ್ಲಿ ನೋಡಿ. ಸುಣ್ಣದ ಬಿಳಿ, ಹಳದಿ ಅಥವಾ ಕಂದು ಕಲೆಗಳಿದ್ದರೆ ಅಲ್ಲಿ ಎನಾಮಲ್ ಮೆತ್ತಗಿರಬಹುದು. ಮೆಲ್ಬರ್ನ್‌ನ ಅವಳಿಗಳಲ್ಲಿ ಹುಳುಕಿನ ಅಪಾಯ ಹೆಚ್ಚಿಸಿದ್ದರಲ್ಲಿ ಇದೂ ಒಂದು. ಬೇಗ ತೋರಿಸಿದರೆ ವೈದ್ಯರು ಹುಳುಕು ತಡೆಯುವ ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಹಚ್ಚಬಹುದು. ಇಂಥ ಮಕ್ಕಳಿಗೆ ಆರನೇ ವರ್ಷದಲ್ಲಿ ಬರುವ ಶಾಶ್ವತ ದವಡೆ ಹಲ್ಲೂ ಹಾಗೇ ಇರುವ ಸಾಧ್ಯತೆ ಜಾಸ್ತಿ, ಆಗಲೂ ಒಮ್ಮೆ ತೋರಿಸಬೇಕು.