ಲೋಳೆ ಬೂಷ್ಟು ತಿನ್ನುವ ಗುಂಡು ದುಂಬಿ

ಮಳೆಗಾಲದಲ್ಲಿ ಆಗುಂಬೆ ಕಡೆಯ ಕಾನಿಗೆ ಹೊಕ್ಕರೆ ಎಲ್ಲರ ಗಮನವೂ ಉಂಬಳದ ಮೇಲೇ ಇರುತ್ತದೆ. ಬಿದ್ದು ಕೊಳೆಯುತ್ತಿರುವ ದಿಮ್ಮಿಯನ್ನು ಯಾರು ನೋಡುತ್ತಾರೆ? ಅದರ ತೊಗಟೆ ಮೇಲೆ ಕೆಲವೊಮ್ಮೆ ಅರಿಶಿನ ಕಲಸಿ ಚೆಲ್ಲಿದ ಹಾಗೆ ಹಳದಿ ಲೋಳೆ ಹರಡಿರುತ್ತದಲ್ಲ, ಅದು ಅಣಬೆ ಅಲ್ಲ, ಗಿಡ ಅಲ್ಲ, ಪ್ರಾಣಿಯೂ ಅಲ್ಲ. ಲೋಳೆ ಬೂಷ್ಟು. ಅಂಗೈ ಅಗಲ ಬೆಳೆದರೂ ಅದು ಒಂದೇ ಜೀವಕೋಶ, ಆದರೆ ಒಳಗೆ ಲೆಕ್ಕವಿಲ್ಲದಷ್ಟು ಕೋಶಕೇಂದ್ರಗಳು. ಬ್ಯಾಕ್ಟೀರಿಯಾ ನುಂಗುತ್ತಾ ನಿಧಾನಕ್ಕೆ ತೆವಳುತ್ತದೆ, ಆಮೇಲೆ ಒಣಗಿ ಪುಡಿಯಂಥ ಬೀಜಕಣ ಬಿಡುತ್ತದೆ.

ಇದನ್ನೇ ತಿಂದು ಬದುಕುವ ದುಂಬಿಗಳಿವೆ. ಕುಲದ ಹೆಸರು ಅಗಾಥಿಡಿಯಂ. ಮರಿಹುಳಕ್ಕೂ ಅದೇ ಊಟ, ದೊಡ್ಡದಕ್ಕೂ ಅದೇ. ಹೆಚ್ಚಿನವು ಕೆಲವೇ ಮಿಲಿಮೀಟರ್ ಉದ್ದ, ಮೈ ನುಣುಪು, ಬೆನ್ನು ಉಬ್ಬು. ಸುಮ್ನೆ ಕಡ್ಡಿಯಿಂದ ಮುಟ್ಟಿದರೆ ಸಾಕು, ತಲೆ ಕೆಳಗೆ ಮಡಚಿ, ಕಾಲು ಮೀಸೆಗಳನ್ನೆಲ್ಲ ಒಳಗೆಳೆದುಕೊಂಡು, ಹಿಡಿಯೋಕೆ ಒಂದು ತುದಿಯೂ ಸಿಗದ ಹಾಗೆ ಗುಂಡಾಗಿ ತರಗೆಲೆ ಸಂದಿಗೆ ಉರುಳಿಬಿಡುತ್ತದೆ. ಹಲವು ಪ್ರಭೇದಗಳ ಗಂಡಿಗೆ ಎಡದವಡೆ ಮಾತ್ರ ಕೊಂಬಿನ ಹಾಗೆ ದೊಡ್ಡದು.

2005ರಲ್ಲಿ ಅಮೆರಿಕದ ಕೀಟವಿಜ್ಞಾನಿಗಳಾದ ಕ್ವೆಂಟಿನ್ ವೀಲರ್ ಮತ್ತು ಕೆಲ್ಲಿ ಮಿಲ್ಲರ್ ಇಂಥ 65 ಹೊಸ ಪ್ರಭೇದಗಳಿಗೆ ಹೆಸರಿಟ್ಟರು. ಅದರಲ್ಲಿ ಮೂರಕ್ಕೆ ಆಗಿನ ಅಮೆರಿಕ ಅಧ್ಯಕ್ಷ ಬುಷ್, ಉಪಾಧ್ಯಕ್ಷ ಚೆನಿ, ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಹೆಸರು. ಒಂದರ ಹೊಳೆಯುವ ತಲೆ ಹೆಲ್ಮೆಟ್ಟಿನಂತೆ ಕಂಡಿದ್ದಕ್ಕೆ ‘ಸ್ಟಾರ್ ವಾರ್ಸ್’ ಸಿನಿಮಾದ ಖಳನಾಯಕ ಡಾರ್ತ್ ವೇಡರ್ ಹೆಸರು. ಪತ್ರಿಕೆಗಳು ಹೆಸರಿನ ಸುದ್ದಿಯನ್ನೇ ಬರೆದವು, ದುಂಬಿ ಏನು ತಿನ್ನುತ್ತೆ, ಹೇಗೆ ಬದುಕುತ್ತೆ ಅನ್ನೋದು ಜಾಸ್ತಿ ಜನಕ್ಕೆ ತಲುಪಲೇ ಇಲ್ಲ. ನನಗೆ ಅದೇ ಬೇಜಾರು.

ಈ ಕುಲದ ಪ್ರಭೇದಗಳು ಭಾರತದಲ್ಲೂ ದಾಖಲಾಗಿವೆ. ಎಷ್ಟೋ ಪ್ರಭೇದಗಳಿಗೆ ಹಾರಲು ಬರುವುದಿಲ್ಲ, ಹಾಗಾಗಿ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗೋದು ಕಷ್ಟ. ನಮ್ಮಲ್ಲಿ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಬಿದ್ದ ಮರ ಸೀದಾ ಬಚ್ಚಲೊಲೆಗೆ ಬರುತ್ತದೆ. ಒಲೆಗೆ ಸೌದೆ ಬೇಕೇ ಬೇಕು, ಸರಿ. ಆದರೆ ಪೂರ್ತಿ ಕೊಳೆತು ಲಡ್ಡಾದ, ಉರಿಯದೆ ಬರೀ ಹೊಗೆಯಾಡುವ ದಿಮ್ಮಿಯನ್ನಾದರೂ ಅಲ್ಲೇ ಬಿಡಬಹುದು, ಅಲ್ವಾ?

ನೋಡುವ ಮನಸ್ಸಿದ್ದರೆ ಒಂದು ಭೂತಗನ್ನಡಿ, ಒಂದು ಬಿಳಿ ಬಟ್ಟೆ ಸಾಕು. ಲೋಳೆ ಒಣಗಿ ಪುಡಿಯಾಗುತ್ತಿರುವ ಕಡೆ ಬಟ್ಟೆ ಹಿಡಿದು ತೊಗಟೆಯನ್ನು ಮೆಲ್ಲಗೆ ತಟ್ಟಿ. ಕಪ್ಪು, ಕಂದು ಚುಕ್ಕಿಗಳು ಬಿದ್ದರೆ ಕೊಡವಿಬಿಡಬೇಡಿ, ಒಂದೆರಡು ನಿಮಿಷ ಅಲುಗಾಡದೆ ಕಾಯಿರಿ. ದುಂಬಿಯಾಗಿದ್ದರೆ ತಾನಾಗೇ ಬಿಚ್ಚಿಕೊಂಡು ನಡೆಯುತ್ತದೆ.