ಕೀಲಿ ಒತ್ತಿದ ಮೇಲೆ: ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಕೀಲಿಮಣೆ ಮತ್ತು ಶಾರ್ಟ್‌ಕಟ್‌ಗಳು

ಶಾರ್ಟ್‌ಕಟ್‌ಗಳನ್ನು, ಅಂದರೆ ಕೆಲಸವೊಂದನ್ನು ಥಟ್ಟನೆ ಮಾಡಿಸುವ ಕೀಲಿಜೋಡಿಗಳನ್ನು, ಕಲಿಯಲು ಹೊರಟವರಿಗೆ ಮೊದಲು ಸಿಗುವುದು ಉದ್ದನೆಯ ಪಟ್ಟಿಗಳು: ವಿಂಡೋಸ್‌ಗೆ ಒಂದು, ಮ್ಯಾಕ್‌ಗೆ ಇನ್ನೊಂದು, ಲಿನಕ್ಸ್‌ಗೆ ಮತ್ತೊಂದು. ಬಾಯಿಪಾಠ ಮಾಡಿದ ಪಟ್ಟಿ ಯಂತ್ರ ಬದಲಾದೊಡನೆ ನಿರುಪಯೋಗಿಯಾಗುತ್ತದೆ. ಅದಕ್ಕಿಂತ ಒತ್ತಿದ ಕೀಲಿಗೆ ಯಾವ ಹಂತದಲ್ಲಿ ಯಾರು ಅರ್ಥ ಕೊಡುತ್ತಾರೆ ಎಂಬುದನ್ನು ತಿಳಿದುಕೊಳ್ಳುವುದು ಹೆಚ್ಚು ಫಲಕಾರಿ ಎಂಬುದು ನನ್ನ ಅಭಿಪ್ರಾಯ. ಆ ಹಂತಗಳು ಒಮ್ಮೆ ಸ್ಪಷ್ಟವಾದರೆ ಮೂರು ವ್ಯವಸ್ಥೆಗಳ ವ್ಯತ್ಯಾಸಗಳಿಗೆ ಕಾರಣ ಸಿಗುತ್ತದೆ. ಕಾರಣ ಗೊತ್ತಿರುವ ವಿಷಯ ಬೇಗ ಮರೆಯುವುದಿಲ್ಲ. ಈ ಟಿಪ್ಪಣಿಯಲ್ಲಿ ಆ ಕ್ರಮದಲ್ಲಿಯೇ ಮುಂದುವರಿಯುತ್ತೇನೆ.

ಕೀಲಿಮಣೆ ಕಳುಹಿಸುವುದು ಅಕ್ಷರವನ್ನಲ್ಲ

ಕೀಲಿಮಣೆಗೆ ತನ್ನ ಮೇಲೆ ಯಾವ ಅಕ್ಷರ ಮುದ್ರಿತವಾಗಿದೆ ಎಂಬುದು ತಿಳಿದಿರುವುದಿಲ್ಲ. ಅದು ಕಳುಹಿಸುವುದು ಕೀಲಿಯ ಸ್ಥಾನವನ್ನು ಸೂಚಿಸುವ ಒಂದು ಸಂಖ್ಯೆಯನ್ನು ಮಾತ್ರ. ಕೀಲಿಯನ್ನು ಒತ್ತಿದಾಗಲೂ ಬಿಟ್ಟಾಗಲೂ ಪ್ರತ್ಯೇಕ ಸೂಚನೆ ಹೋಗುತ್ತದೆ. ಯುಎಸ್‌ಬಿ ಕೀಲಿಮಣೆಯಲ್ಲಿ ನಾವು 'ಎ' ಎಂದು ಕರೆಯುವ ಕೀಲಿಯ ಸಂಖ್ಯೆ 4. ಆ ಸಂಖ್ಯೆಯನ್ನು ಪ್ರತಿಯೊಂದು ಆಪರೇಟಿಂಗ್ ಸಿಸ್ಟಮ್ ತನ್ನದೇ ಸಂಖ್ಯೆಗೆ ಪರಿವರ್ತಿಸಿಕೊಳ್ಳುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಅದೇ ಕೀಲಿ 30 ಆಗುತ್ತದೆ. ಇದು ಹಳೆಯ ಐಬಿಎಂ ಪಿಸಿ ಕೀಲಿಮಣೆಯಲ್ಲಿ ಆ ಕೀಲಿಗಿದ್ದ ಸಂಖ್ಯೆಯೇ ಆಗಿದೆ. ಲಿನಕ್ಸ್‌ನಲ್ಲಿ ಕಿಟಕಿಗಳನ್ನು ಮೂಡಿಸುವ ಎಕ್ಸ್ ವ್ಯವಸ್ಥೆ ಇದಕ್ಕೆ 8 ಕೂಡಿಸಿ 38 ಎಂದು ಗುರುತಿಸುತ್ತದೆ. ಮ್ಯಾಕ್‌ನಲ್ಲಿ ಅದರ ಸಂಖ್ಯೆ 0, ವಿಂಡೋಸ್‌ನ ವರ್ಚುವಲ್ ಕೀಲಿಗಳಲ್ಲಿ 65. ಕೀಲಿಗಳ ಅರ್ಥವನ್ನು ಬದಲಿಸುವ ಉಪಕರಣವೊಂದರ ಸೂಚನೆಯನ್ನು ಇನ್ನೊಂದು ವ್ಯವಸ್ಥೆಗೆ ನೇರವಾಗಿ ನಕಲಿಸಿದರೆ ತಪ್ಪಾದ ಕೀಲಿ ಬದಲಾಗುವುದು ಈ ಕಾರಣದಿಂದಲೇ.

ಸ್ಥಾನದ ಸಂಖ್ಯೆಯನ್ನು ಅಕ್ಷರವನ್ನಾಗಿ ಮಾಡುವುದು ಲೇಔಟ್, ಅಂದರೆ ಕೀಲಿವಿನ್ಯಾಸ. ಫ್ರಾನ್ಸ್‌ನಲ್ಲಿ ಬಳಕೆಯಲ್ಲಿರುವ ವಿನ್ಯಾಸವನ್ನು ಆರಿಸಿಕೊಂಡರೆ ನಮ್ಮ ಕೀಲಿಮಣೆಯ 'ಕ್ಯೂ' ಕೀಲಿಯಿಂದ 'ಎ' ಮೂಡುತ್ತದೆ. ಯಂತ್ರಾಂಶದಲ್ಲಿ ಏನೂ ಬದಲಾಗಿರುವುದಿಲ್ಲ. ಇಲ್ಲಿ ಶಾರ್ಟ್‌ಕಟ್‌ಗೆ ಸಂಬಂಧಿಸಿದ ಮೊದಲ ಪ್ರಶ್ನೆ ಏಳುತ್ತದೆ: 'ಕಂಟ್ರೋಲ್ + ಝೆಡ್' ಎಂದರೆ ಸ್ಥಾನವೋ ಅಕ್ಷರವೋ? ಸಾಮಾನ್ಯ ನಿಯಮದಂತೆ ಅದು ಅಕ್ಷರವನ್ನು ಅನುಸರಿಸುತ್ತದೆ. ಇಂಗ್ಲಿಷ್ ಕೀಲಿಮಣೆಯಲ್ಲಿ ಝೆಡ್, ಎಕ್ಸ್, ಸಿ, ವಿ ಒಂದರ ಪಕ್ಕ ಒಂದಿರುವುದರಿಂದ ರದ್ದುಗೊಳಿಸುವ, ಕತ್ತರಿಸುವ, ನಕಲಿಸುವ, ಅಂಟಿಸುವ ಕೆಲಸಗಳು ಎಡಗೈಗೆ ಸುಲಭವಾಗಿವೆ. ಫ್ರೆಂಚ್ ವಿನ್ಯಾಸದಲ್ಲಿ 'ಝೆಡ್' ಮೇಲಿನ ಸಾಲಿಗೆ ಹೋಗುವುದರಿಂದ ಆ ಅನುಕೂಲ ಒಡೆಯುತ್ತದೆ. ಇಂಗ್ಲಿಷ್ ಅಕ್ಷರಗಳನ್ನೇ ಬೇರೆ ಕ್ರಮದಲ್ಲಿ ಜೋಡಿಸಿದ ದ್ವೊರಾಕ್ ವಿನ್ಯಾಸದಲ್ಲಿ ತೊಂದರೆ ಇನ್ನೂ ಹೆಚ್ಚು. ಹಾಗಾಗಿ ಮ್ಯಾಕ್‌ನಲ್ಲಿ ದ್ವೊರಾಕ್‌ನ ಒಂದು ವಿಶೇಷ ರೂಪವನ್ನೇ ಒದಗಿಸಿದ್ದಾರೆ. ಅದರಲ್ಲಿ ಕಮಾಂಡ್ ಕೀಲಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಕೀಲಿಗಳು ಸಾಮಾನ್ಯ ಇಂಗ್ಲಿಷ್ ವಿನ್ಯಾಸಕ್ಕೆ ಮರಳುತ್ತವೆ.

ಕಂಟ್ರೋಲ್ ಮತ್ತು ಕಮಾಂಡ್ ಬೇರೆಯಾದ ಬಗೆ

ಈ ವಿಷಯದ ತಿರುಳು ಇಲ್ಲಿದೆ ಎಂದು ನಾನು ಭಾವಿಸುತ್ತೇನೆ. ಕಂಟ್ರೋಲ್ ಕೀಲಿ ನಕಲಿಸುವುದಕ್ಕಾಗಿ ಹುಟ್ಟಿದ್ದಲ್ಲ. 1963ರಲ್ಲಿ ಮೊದಲು ಪ್ರಕಟವಾದ ಆಸ್ಕಿ ಎಂಬ, ಅಕ್ಷರಗಳಿಗೆ ಸಂಖ್ಯೆ ಕೊಡುವ ಸಂಕೇತಪಟ್ಟಿಯಲ್ಲಿ ಮೊದಲ 32 ಸಂಖ್ಯೆಗಳು ಅಕ್ಷರಗಳಲ್ಲ, ದೂರಮುದ್ರಕಕ್ಕೆ (ಟೆಲಿಪ್ರಿಂಟರ್) ಕೊಡುವ ಆಜ್ಞೆಗಳು. ಅವುಗಳನ್ನು ಕಳುಹಿಸುವ ಸಲುವಾಗಿಯೇ ಕಂಟ್ರೋಲ್ ಕೀಲಿ ಇತ್ತು. ಲೆಕ್ಕ ಸರಳವಾಗಿದೆ: ದೊಡ್ಡಕ್ಷರದ ಸಂಖ್ಯೆಯಿಂದ 64 ಕಳೆಯಬೇಕು. 'ಸಿ' ಅಕ್ಷರದ ಸಂಖ್ಯೆ 67, ಆದ್ದರಿಂದ ಕಂಟ್ರೋಲ್ + ಸಿ ಎಂದರೆ 3, ಪಠ್ಯ ಮುಗಿಯಿತು ಎಂಬ ಸೂಚನೆ. 'ಐ' 73, ಕಳೆದರೆ 9, ಅದು ಟ್ಯಾಬ್. 'ಎಂ' 77, ಕಳೆದರೆ 13, ಅದು ಎಂಟರ್. 'ಎಚ್' 72, ಕಳೆದರೆ 8, ಅದು ಬ್ಯಾಕ್‌ಸ್ಪೇಸ್. ಲಿನಕ್ಸ್ ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು ಕಂಟ್ರೋಲ್ + ಎಂ ಒತ್ತಿ ನೋಡಿದರೆ ಇಂದಿಗೂ ಅದು ಎಂಟರ್‌ನಂತೆಯೇ ಕೆಲಸ ಮಾಡುವುದನ್ನು ಕಾಣಬಹುದು.

ಲಿನಕ್ಸ್‌ಗೆ ಮಾದರಿಯಾದ ಹಳೆಯ ಆಪರೇಟಿಂಗ್ ಸಿಸ್ಟಮ್ ಯುನಿಕ್ಸ್ ಈ ಸಂಕೇತಗಳಿಗೆ ತನ್ನದೇ ಕೆಲಸಗಳನ್ನು ವಹಿಸಿತು. ಟರ್ಮಿನಲ್‌ನಲ್ಲಿ ಕಂಟ್ರೋಲ್ + ಸಿ ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸುತ್ತದೆ, ಕಂಟ್ರೋಲ್ + ಝೆಡ್ ಅದನ್ನು ತಾತ್ಕಾಲಿಕವಾಗಿ ತಡೆದಿಡುತ್ತದೆ, ಕಂಟ್ರೋಲ್ + ಡಿ ಇನ್‌ಪುಟ್ ಮುಗಿಯಿತೆಂದು ತಿಳಿಸುತ್ತದೆ. ಹೊಸಬರು ವಿಶೇಷವಾಗಿ ನೆನಪಿಡಬೇಕಾದದ್ದು ಕಂಟ್ರೋಲ್ + ಎಸ್. ವಿಂಡೋಸ್‌ನ ಅಭ್ಯಾಸದಲ್ಲಿ ಉಳಿಸಲೆಂದು ಇದನ್ನು ಒತ್ತಿದರೆ ಟರ್ಮಿನಲ್ ಸ್ತಬ್ಧವಾಗುತ್ತದೆ, ಮುಂದೆ ಏನು ಟೈಪ್ ಮಾಡಿದರೂ ಪರದೆಯ ಮೇಲೆ ಕಾಣುವುದಿಲ್ಲ. ಯಂತ್ರ ಕೆಟ್ಟಿಲ್ಲ, ಹೊರಹರಿವನ್ನು ತಡೆಯುವ ಹಳೆಯ ಸಂಕೇತ ಅದು. ಕಂಟ್ರೋಲ್ + ಕ್ಯೂ ಒತ್ತಿದರೆ ತಡೆ ತೆರವಾಗುತ್ತದೆ.

ಕತ್ತರಿಸಿ ಅಂಟಿಸುವ ಪರಿಕಲ್ಪನೆ ಬೆಳೆದದ್ದು 1970ರ ದಶಕದ ಮಧ್ಯದಲ್ಲಿ, ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ; ಲ್ಯಾರಿ ಟೆಸ್ಲರ್ ಅವರ ಹೆಸರು ಇದರೊಂದಿಗೆ ಸೇರಿಕೊಂಡಿದೆ. ಅವರು ಅನಂತರ ಆಪಲ್ ಸೇರಿದರು. 1983ರ ಲೀಸಾ, 1984ರ ಮ್ಯಾಕಿಂತೋಷ್ ಗಣಕಗಳಲ್ಲಿ ಎಕ್ಸ್, ಸಿ, ವಿ ಅಕ್ಷರಗಳು ಈ ಕೆಲಸಗಳಿಗೆ ನಿಂತವು. ಆಪಲ್ ಇದಕ್ಕೆ ಬಳಸಿದ್ದು ಕಂಟ್ರೋಲ್ ಕೀಲಿಯನ್ನಲ್ಲ, ಆಜ್ಞೆಗಳಿಗೆಂದೇ ಮೀಸಲಾದ ಬೇರೊಂದು ಕೀಲಿಯನ್ನು. ಅದೇ ಇಂದಿನ ಕಮಾಂಡ್. ಅದರ ಮೇಲಿರುವ ನಾಲ್ಕು ಕುಣಿಕೆಗಳ ಚಿಹ್ನೆಯನ್ನು ಆಪಲ್‌ನ ಚಿತ್ರವಿನ್ಯಾಸಕಿ ಸೂಸನ್ ಕೇರ್ ಆಯ್ಕೆ ಮಾಡಿದರು. ಉತ್ತರ ಯುರೋಪಿನ ದೇಶಗಳಲ್ಲಿ ಪ್ರೇಕ್ಷಣೀಯ ಸ್ಥಳಗಳನ್ನು ಸೂಚಿಸುವ ಫಲಕಗಳ ಚಿಹ್ನೆ ಅದು.

ವಿಂಡೋಸ್ ಇನ್ನೊಂದು ದಾರಿಯಲ್ಲಿ ಬಂದಿತು. ಅದರ ಮೊದಲ ದಿನಗಳಲ್ಲಿ ನಕಲಿಸಲು ಕಂಟ್ರೋಲ್ + ಇನ್ಸರ್ಟ್, ಅಂಟಿಸಲು ಶಿಫ್ಟ್ + ಇನ್ಸರ್ಟ್, ಕತ್ತರಿಸಲು ಶಿಫ್ಟ್ + ಡಿಲೀಟ್ ಬಳಕೆಯಲ್ಲಿದ್ದವು. ಇವು 1987ರಲ್ಲಿ ಐಬಿಎಂ ರೂಪಿಸಿದ ಏಕರೂಪದ ನಿಯಮಾವಳಿಯಲ್ಲಿಯೂ ಇದ್ದವು. ಕಿಟಕಿ ಮುಚ್ಚುವ ಆಲ್ಟ್ + ಎಫ್4 ಕೂಡ ಅದೇ ಪರಂಪರೆಯದು. ಬಳಿಕ ಮ್ಯಾಕ್‌ನ ಎಕ್ಸ್, ಸಿ, ವಿ ಅಕ್ಷರಗಳನ್ನು ವಿಂಡೋಸ್ ಸ್ವೀಕರಿಸಿತು. ಆದರೆ ಪಿಸಿ ಕೀಲಿಮಣೆಯಲ್ಲಿ ಕಮಾಂಡ್ ಇರಲಿಲ್ಲವಾದ್ದರಿಂದ ಆ ಹೊರೆ ಕಂಟ್ರೋಲ್ ಮೇಲೆ ಬಿತ್ತು. ವಿಂಡೋಸ್ ಕೀಲಿ ಬಂದದ್ದು 1994ರಲ್ಲಿ, ಅಷ್ಟರೊಳಗೆ ಅಭ್ಯಾಸ ನೆಲೆನಿಂತಿತ್ತು. ಇನ್ಸರ್ಟ್‌ನ ಹಳೆಯ ಜೋಡಿಗಳು ಇಂದಿಗೂ ಹಲವೆಡೆ ಕೆಲಸ ಮಾಡುತ್ತವೆ.

ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳು ಯುನಿಕ್ಸ್‌ನ ಟರ್ಮಿನಲ್ಲನ್ನೂ ವಿಂಡೋಸ್ ಮಾದರಿಯ ಶಾರ್ಟ್‌ಕಟ್‌ಗಳನ್ನೂ ಒಟ್ಟಿಗೆ ಇಟ್ಟುಕೊಂಡವು. ಒಂದೇ ಕಂಟ್ರೋಲ್ + ಸಿ ಎರಡು ಕೆಲಸಗಳಿಗೆ ಬೇಕಾದಾಗ ಟರ್ಮಿನಲ್ ತನ್ನ ಹಕ್ಕನ್ನು ಉಳಿಸಿಕೊಂಡಿತು. ಅಲ್ಲಿ ನಕಲಿಸಲು ಕಂಟ್ರೋಲ್ + ಶಿಫ್ಟ್ + ಸಿ ಒತ್ತಬೇಕು. ವಿಂಡೋಸ್ 10ರ ಕಮಾಂಡ್ ಪ್ರಾಂಪ್ಟ್ ಇದನ್ನು ಬೇರೆ ರೀತಿಯಲ್ಲಿ ಪರಿಹರಿಸಿದೆ: ಪಠ್ಯವನ್ನು ಆಯ್ದಿದ್ದರೆ ನಕಲಿಸುತ್ತದೆ, ಇಲ್ಲವಾದರೆ ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಮ್ಯಾಕ್‌ನಲ್ಲಿ ಈ ಸಮಸ್ಯೆಯೇ ಇಲ್ಲ. ನಕಲಿಸುವುದು ಕಮಾಂಡ್‌ನ ಕೆಲಸ, ನಿಲ್ಲಿಸುವುದು ಕಂಟ್ರೋಲ್‌ನ ಕೆಲಸ. ಕಂಟ್ರೋಲ್ ಬಿಡುವಾಗಿ ಉಳಿದದ್ದರಿಂದ ಸಾಲಿನ ಮೊದಲಿಗೆ ಹೋಗುವ ಕಂಟ್ರೋಲ್ + ಎ, ಕೊನೆಗೆ ಹೋಗುವ ಕಂಟ್ರೋಲ್ + ಇ, ಅಲ್ಲಿಂದ ಸಾಲಿನ ಕೊನೆಯವರೆಗೆ ಅಳಿಸುವ ಕಂಟ್ರೋಲ್ + ಕೆ ಮುಂತಾದ ಯುನಿಕ್ಸ್ ಪರಂಪರೆಯ ಜೋಡಿಗಳು ಮ್ಯಾಕ್‌ನ ಸಾಮಾನ್ಯ ಪಠ್ಯಪೆಟ್ಟಿಗೆಗಳಲ್ಲಿಯೂ ನಡೆಯುತ್ತವೆ. ಪ್ರೋಗ್ರಾಮಿಂಗ್ ಕಲಿಯುವವರಿಗೆ ಇದೊಂದು ನಿಜವಾದ ಅನುಕೂಲ.

'ಕಂಟ್ರೋಲ್ ಇದ್ದಲ್ಲೆಲ್ಲ ಕಮಾಂಡ್ ಹಾಕಿಕೊಳ್ಳಿ' ಎಂಬ ಪ್ರಚಲಿತ ಸೂತ್ರ ಅರ್ಧ ಮಾತ್ರ ಸರಿ. ಅದು ಅಕ್ಷರದ ಕೀಲಿಗಳಿಗೆ ಬಹುಮಟ್ಟಿಗೆ ಹೊಂದುತ್ತದೆ, ಬಾಣದ ಕೀಲಿಗಳಿಗೆ ಹೊಂದುವುದಿಲ್ಲ. ವಿಂಡೋಸ್‌ನಲ್ಲಿ ಪದದಿಂದ ಪದಕ್ಕೆ ಸಾಗಲು ಕಂಟ್ರೋಲ್ + ಬಾಣ. ಮ್ಯಾಕ್‌ನಲ್ಲಿ ಅದಕ್ಕೆ ಆಪ್ಷನ್ + ಬಾಣ. ಮ್ಯಾಕ್‌ನಲ್ಲಿ ಕಮಾಂಡ್ + ಎಡಬಾಣ ಸಾಲಿನ ಆರಂಭಕ್ಕೆ ಒಯ್ಯುತ್ತದೆ, ಏಕೆಂದರೆ ಅಲ್ಲಿ ಹೋಮ್ ಕೀಲಿ ಕರ್ಸರನ್ನು ಕದಲಿಸದೆ ಪುಟವನ್ನು ಮಾತ್ರ ಮೇಲಕ್ಕೆ ಸರಿಸುತ್ತದೆ. ಮ್ಯಾಕ್‌ನ 'ಡಿಲೀಟ್' ನಮ್ಮ ಬ್ಯಾಕ್‌ಸ್ಪೇಸ್. ಮುಂದಿನ ಅಕ್ಷರವನ್ನು ಅಳಿಸಲು ಎಫ್‌ಎನ್ + ಡಿಲೀಟ್ ಬೇಕು. ಕಡತವನ್ನು ಆರಿಸಿ ಎಂಟರ್ ಒತ್ತಿದರೆ ವಿಂಡೋಸ್ ಅದನ್ನು ತೆರೆಯುತ್ತದೆ, ಮ್ಯಾಕ್ ಅದರ ಹೆಸರನ್ನು ಬದಲಿಸಲು ಅಣಿಯಾಗುತ್ತದೆ.

ಕನ್ನಡ ವಿನ್ಯಾಸದಲ್ಲಿ ಶಾರ್ಟ್‌ಕಟ್‌ಗಳು

ಕನ್ನಡಕ್ಕೆ ಮುಖ್ಯವಾಗಿ ಎರಡು ವಿನ್ಯಾಸಗಳಿವೆ. ಒಂದು, ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್. ಇದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಇನ್ನೊಂದು, ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ, ಕಗಪ (ಕನ್ನಡ ಗಣಕ ಪರಿಷತ್ತು) ಎಂದು ಕರೆಯಲಾಗುವ ಧ್ವನ್ಯಾತ್ಮಕ ವಿನ್ಯಾಸ. 'ಕ್ತ' ಎಂದು ಮೂಡಿಸಲು ಇನ್‌ಸ್ಕ್ರಿಪ್ಟ್‌ನಲ್ಲಿ ಕೆ, ಡಿ, ಎಲ್ ಕೀಲಿಗಳನ್ನೂ ಕಗಪದಲ್ಲಿ ಕೆ, ಎಫ್, ಟಿ ಕೀಲಿಗಳನ್ನೂ ಒತ್ತಬೇಕು. ನಡುವಿನದು ಒತ್ತಕ್ಷರ ಕೊಡುವ ಕೊಂಡಿ ಕೀಲಿ. ಎರಡರಲ್ಲಿಯೂ ಕಡತದಲ್ಲಿ ಉಳಿಯುವುದು ಒಂದೇ: ಕ, ವಿರಾಮ (ಆ ಕೊಂಡಿಯ ಸಂಕೇತ), ತ ಎಂಬ ಮೂರು ಯೂನಿಕೋಡ್ ಸಂಕೇತಗಳು. ಹೆಚ್ಚಿನ ತಂತ್ರಾಂಶಗಳಲ್ಲಿ ಬ್ಯಾಕ್‌ಸ್ಪೇಸ್ ಕೊನೆಯ ಸಂಕೇತವನ್ನಷ್ಟೇ ಅಳಿಸಿ 'ಕ್' ಉಳಿಸುತ್ತದೆ, ಡಿಲೀಟ್ ಮಾತ್ರ ಇಡೀ 'ಕ್ತ'ವನ್ನು ಅಳಿಸುತ್ತದೆ.

ಈಗ ಶಾರ್ಟ್‌ಕಟ್‌ನ ಪ್ರಶ್ನೆ. ಇನ್‌ಸ್ಕ್ರಿಪ್ಟ್‌ನಲ್ಲಿ 'ಸಿ' ಕೀಲಿಯಿಂದ 'ಮ' ಬರುತ್ತದೆ. ಶಾರ್ಟ್‌ಕಟ್ ಅಕ್ಷರವನ್ನು ಅನುಸರಿಸುವುದಾದರೆ ಕಂಟ್ರೋಲ್ + ಮ ಎಂಬುದಕ್ಕೆ ಯಾವ ಅರ್ಥವೂ ಇರಬಾರದು. ಆದರೂ ವಿಂಡೋಸ್‌ನಲ್ಲಿ ನಕಲಿಸುವಿಕೆ ನಡೆಯುತ್ತದೆ, ಏಕೆಂದರೆ ಅಲ್ಲಿನ ವಿನ್ಯಾಸ ಪ್ರತಿ ಕೀಲಿಗೂ ಅಕ್ಷರದ ಜೊತೆಗೆ ಒಂದು ವರ್ಚುವಲ್ ಸಂಖ್ಯೆಯನ್ನು ಕೊಡುತ್ತದೆ. ಅಕ್ಷರ 'ಮ' ಆದರೂ ಸಂಖ್ಯೆ 'ಸಿ'ಯದಾಗಿಯೇ ಉಳಿಯುತ್ತದೆ. ಮ್ಯಾಕ್ ಕಮಾಂಡ್ ಒತ್ತಿದಾಗ ಲ್ಯಾಟಿನ್ (ಇಂಗ್ಲಿಷ್ ಲಿಪಿಯ) ಅಕ್ಷರಗಳನ್ನು ಪರಿಗಣಿಸುತ್ತದೆ. ಲಿನಕ್ಸ್‌ನಲ್ಲಿ ತಂತ್ರಾಂಶವೇ ಪಟ್ಟಿಯಲ್ಲಿರುವ ಇತರ ವಿನ್ಯಾಸಗಳಲ್ಲಿ ಆ ಕೀಲಿಯ ಅಕ್ಷರ ಯಾವುದೆಂದು ಹುಡುಕುತ್ತದೆ. ಆದ್ದರಿಂದ ಸೆಟ್ಟಿಂಗ್‌ನಲ್ಲಿ ಕನ್ನಡದೊಂದಿಗೆ ಇಂಗ್ಲಿಷ್ ವಿನ್ಯಾಸವನ್ನೂ ಇರಿಸಿಕೊಳ್ಳಬೇಕು. ಐಬಸ್ ಎಂಬ ಲಿನಕ್ಸ್‌ನ ಬರವಣಿಗೆ ಸಾಧನದ ಮೂಲಕ ಕನ್ನಡ ಬರೆಯುವವರಿಗೆ ಈ ತೊಡಕು ಕಡಿಮೆ, ಏಕೆಂದರೆ ಅಲ್ಲಿ ಕೆಳಗಿನ ವಿನ್ಯಾಸ ಇಂಗ್ಲಿಷೇ ಆಗಿದ್ದು, ಅಕ್ಷರಗಳನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ಅದರ ಮೇಲಿನ ಹಂತದಲ್ಲಿ ನಡೆಯುತ್ತದೆ.

ಕಂಟ್ರೋಲ್ ಇಲ್ಲದ ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳು ಮಾತ್ರ ಕನ್ನಡ ವಿನ್ಯಾಸದಲ್ಲಿ ಹಲವು ಬಾರಿ ಸೋಲುತ್ತವೆ. ವಿಮ್ ಎಂಬ ಪಠ್ಯ ಸಂಪಾದಕ ತಂತ್ರಾಂಶದ ಆಜ್ಞೆಗಳು ಇದಕ್ಕೆ ಉದಾಹರಣೆ. ಜಾಲತಾಣ ಕಟ್ಟುವವರು ಇಲ್ಲಿ ಎಚ್ಚರ ವಹಿಸಬೇಕೆಂದು ಒತ್ತಿ ಹೇಳುತ್ತೇನೆ: ಬ್ರೌಸರ್ ಪ್ರತಿ ಒತ್ತುವಿಕೆಯಲ್ಲಿ ಮೂಡಿದ ಅಕ್ಷರವನ್ನೂ ಕೀಲಿಯ ಸ್ಥಾನವನ್ನೂ ಎರಡು ಬೇರೆ ಗುಣಗಳಾಗಿ ಕೊಡುತ್ತದೆ. ಅಕ್ಷರವನ್ನಷ್ಟೇ ನೋಡುವ ಪ್ರೋಗ್ರಾಮ್ ಬರೆದರೆ ಕನ್ನಡ ಬಳಕೆದಾರರಿಗೆ ಆ ಶಾರ್ಟ್‌ಕಟ್ ಇಲ್ಲವಾಗುತ್ತದೆ. ಸ್ಥಾನವನ್ನಷ್ಟೇ ನೋಡಿದರೆ ಫ್ರೆಂಚ್ ಬಳಕೆದಾರರಿಗೆ ತಪ್ಪು ಕೀಲಿ ತಗಲುತ್ತದೆ. ಮೊದಲು ಅಕ್ಷರವನ್ನು ನೋಡಿ, ಅದು ಲ್ಯಾಟಿನ್ ಅಲ್ಲದಿದ್ದಾಗ ಮಾತ್ರ ಸ್ಥಾನಕ್ಕೆ ಹೋಗುವುದು ಸೂಕ್ತ.

ವಿನ್ಯಾಸ ಬದಲಿಸಲು ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ + ಸ್ಪೇಸ್, ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಸೂಪರ್ + ಸ್ಪೇಸ್, ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಕಂಟ್ರೋಲ್ + ಸ್ಪೇಸ್. ಸೂಪರ್ ಎಂಬುದು ವಿಂಡೋಸ್ ಕೀಲಿಗೆ ಲಿನಕ್ಸ್‌ನಲ್ಲಿರುವ ಹೆಸರು. 2010ರಲ್ಲಿ ಅಂಗೀಕಾರವಾದ ರೂಪಾಯಿ ಚಿಹ್ನೆ ₹ ಭಾರತದ ಇಂಗ್ಲಿಷ್ ವಿನ್ಯಾಸದಲ್ಲಿ ಬಲಬದಿಯ ಆಲ್ಟ್ + 4ರಿಂದ ಬರುತ್ತದೆ. ಬಲ ಆಲ್ಟ್ ಹೀಗೆ ಮೂರನೆಯ ಅಕ್ಷರ ಕೊಡುವ ವಿನ್ಯಾಸಗಳಲ್ಲಿ ವಿಂಡೋಸ್ ಅದನ್ನು ಕಂಟ್ರೋಲ್ + ಆಲ್ಟ್ ಎಂದೇ ಪರಿಗಣಿಸುವುದರಿಂದ ಕಂಟ್ರೋಲ್ + ಆಲ್ಟ್ ಸೇರಿದ ಶಾರ್ಟ್‌ಕಟ್‌ಗಳನ್ನು ಹೊಸದಾಗಿ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಯಾರು ಮೊದಲು ಹಿಡಿಯುತ್ತಾರೆ, ಎಲ್ಲಿ ಬದಲಿಸಬೇಕು

ಎಲ್ಲ ಜೋಡಿಗಳೂ ತಂತ್ರಾಂಶದವರೆಗೆ ತಲುಪುವುದಿಲ್ಲ. ಲ್ಯಾಪ್‌ಟಾಪ್‌ಗಳ ಎಫ್‌ಎನ್ ಕೀಲಿಯನ್ನು ಬಹಳಷ್ಟು ಸಂದರ್ಭಗಳಲ್ಲಿ ಕೀಲಿಮಣೆಯ ಒಳಗಿನ ಫರ್ಮ್‌ವೇರ್ (ಅದರಲ್ಲೇ ಅಡಕವಾದ ತಂತ್ರಾಂಶ) ಬಳಸಿಕೊಳ್ಳುತ್ತದೆ. ಹಾಗಾಗಿ ಎಫ್2 ಒತ್ತಿದಾಗ ಕಡತದ ಹೆಸರು ಬದಲಾಗದೆ ಪರದೆಯ ಬೆಳಕು ಬದಲಾಗಬಹುದು. ಕಂಟ್ರೋಲ್ + ಆಲ್ಟ್ + ಡಿಲೀಟ್ ಅನ್ನು ಐಬಿಎಂನ ಡೇವಿಡ್ ಬ್ರಾಡ್ಲಿ ಯಂತ್ರವನ್ನು ಮರುಪ್ರಾರಂಭಿಸಲು ರೂಪಿಸಿದ್ದರು. ವಿಂಡೋಸ್ ಎನ್‌ಟಿ ಅದನ್ನು ಭದ್ರತೆಯ ಸಾಧನವನ್ನಾಗಿ ಮಾಡಿತು: ಆ ಮೂರು ಕೀಲಿಗಳನ್ನು ಸಾಮಾನ್ಯ ಪ್ರೋಗ್ರಾಮ್ ಯಾವುದೂ ಹಿಡಿಯಲಾರದು, ಆದ್ದರಿಂದ ಅವುಗಳ ಬಳಿಕ ಕಾಣುವ ಗುಪ್ತಪದದ ಪರದೆ ನಕಲಿಯಾಗಿರಲಾರದು. ಮ್ಯಾಕ್‌ನಲ್ಲಿ ಸ್ಪಂದಿಸದ ತಂತ್ರಾಂಶವನ್ನು ಮುಚ್ಚಲು ಕಮಾಂಡ್ + ಆಪ್ಷನ್ + ಎಸ್ಕೇಪ್ ಇದೆ. ಅದು ಬೇರೆ ಉದ್ದೇಶದ್ದು.

ಕೀಲಿಗಳ ಅರ್ಥವನ್ನು ಬದಲಿಸುವಾಗಲೂ ಇದೇ ಹಂತಗಳನ್ನು ಗಮನಿಸಬೇಕು. ಪಿಸಿ ಕೀಲಿಮಣೆಯಲ್ಲಿ ಸ್ಪೇಸ್‌ನ ಎಡಕ್ಕೆ ಮೊದಲು ಆಲ್ಟ್, ಬಳಿಕ ವಿಂಡೋಸ್ ಕೀಲಿ. ಮ್ಯಾಕ್ ಕೀಲಿಮಣೆಯಲ್ಲಿ ಮೊದಲು ಕಮಾಂಡ್, ಬಳಿಕ ಆಪ್ಷನ್. ಪಿಸಿ ಕೀಲಿಮಣೆಯನ್ನು ಮ್ಯಾಕ್‌ಗೆ ಜೋಡಿಸಿದರೆ ವಿಂಡೋಸ್ ಕೀಲಿ ಕಮಾಂಡ್ ಆಗಿ, ಆಲ್ಟ್ ಆಪ್ಷನ್ ಆಗಿ, ಬೆರಳಿಗೆ ಎರಡೂ ಅದಲುಬದಲಾಗಿ ಸಿಗುತ್ತವೆ. ಮ್ಯಾಕ್‌ನ ಕೀಲಿಮಣೆ ಸೆಟ್ಟಿಂಗ್‌ನಲ್ಲಿ ಆ ಒಂದು ಕೀಲಿಮಣೆಗೆ ಮಾತ್ರ ಇವನ್ನು ತಿರುವುಮುರುವು ಮಾಡಬಹುದು. ವಿಂಡೋಸ್‌ನಲ್ಲಿ ಪವರ್‌ಟಾಯ್ಸ್ ಎಂಬ ಉಪಕರಣ, ಲಿನಕ್ಸ್‌ನಲ್ಲಿ ಎಕ್ಸ್‌ಕೆಬಿ ಎಂಬ ಕೀಲಿಮಣೆ ವ್ಯವಸ್ಥೆಯ ಆಯ್ಕೆಗಳು ಇಂಥ ಕೆಲಸ ಮಾಡುತ್ತವೆ. ಕ್ಯಾಪ್ಸ್ ಲಾಕ್ ಅನ್ನು ಕಂಟ್ರೋಲ್ ಆಗಿಸುವುದು ಟರ್ಮಿನಲ್ ಬಳಸುವವರಲ್ಲಿ ಬಹಳ ಪ್ರಚಲಿತ. ಕನ್ನಡದಲ್ಲಿ ದೊಡ್ಡಕ್ಷರಗಳೇ ಇಲ್ಲದಿರುವುದರಿಂದ ನಮಗೆ ಅದರಿಂದ ನಷ್ಟವೂ ಕಡಿಮೆ. ಒಂದೇ ಕೀಲಿಮಣೆಯನ್ನು ಹಲವು ಯಂತ್ರಗಳಿಗೆ ಬಳಸುವವರು ಕ್ಯೂಎಂಕೆಯಂತಹ ಫರ್ಮ್‌ವೇರ್ ಇರುವ ಕೀಲಿಮಣೆಯನ್ನು ಆರಿಸಿಕೊಂಡರೆ ಬದಲಾವಣೆ ಕೀಲಿಮಣೆಯಲ್ಲಿಯೇ ಉಳಿಯುತ್ತದೆ, ಏನನ್ನೂ ಅನುಸ್ಥಾಪಿಸಲು ಅನುಮತಿಯಿಲ್ಲದ ಕಚೇರಿಯ ಗಣಕದಲ್ಲಿಯೂ ಅದು ಹಾಗೆಯೇ ನಡೆಯುತ್ತದೆ.